ನಕ್ಷೆಯ ಮೇಲೆ ಆ ಚುಕ್ಕಿ ಇಟ್ಟವರು ಯಾರು?

ನಮ್ಮ ದೊಡ್ಡಪ್ಪ ಒಂದು ಅಪಘಾತದ ಮಹಜರಿಗೆ ಪಂಚರಾಗಿ ಸಹಿ ಹಾಕಿದ್ದರು. ಊರ ಹೊರಗಿನ ತಿರುವಿನಲ್ಲಿ ಲಾರಿ ಬಡಿದು ಮೊಪೆಡ್ ಸವಾರರೊಬ್ಬರು ತೀರಿಕೊಂಡಿದ್ದರು. ಬೆಳಕು ಹರಿಯುವಷ್ಟರಲ್ಲಿ ಪೊಲೀಸರು ಬಂದರು. ಟೇಪು ಹಿಡಿದು ಅಳೆದರು, ಟೇಪು ಸಾಲದ ಕಡೆ ಹೆಜ್ಜೆ ಎಣಿಸಿದರು. ಜೀಪಿನ ಬಾನೆಟ್ ಮೇಲೆ ಹಾಳೆಯಿಟ್ಟು ನಕ್ಷೆ ಬರೆದರು. ರಸ್ತೆಗೆ ಎರಡು ಗೆರೆ, ಲಾರಿಗೊಂದು ಚೌಕ, ಹೆಣ ಬಿದ್ದಿದ್ದ ಜಾಗಕ್ಕೆ ‘ಎ’ ಎಂಬ ಗುರುತು, ಪಕ್ಕದಲ್ಲಿ ಒಂದು ಹುಣಸೆಮರ.

ನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಕೇಳಿದರು: “ಯಜಮಾನ್ರೇ, ಆ ಹುಣಸೆಮರ ರಸ್ತೆಯ ಯಾವ ಮಗ್ಗುಲಿಗಿದೆ?” ದೊಡ್ಡಪ್ಪ ಹುಡುಗರಾಗಿದ್ದಾಗಿನಿಂದ ಕಲ್ಲೆಸೆದು ಕಾಯಿ ಕೆಡವುತ್ತಿದ್ದ ಮರ. “ಪಡುವಣಕ್ಕೆ, ಸ್ವಾಮಿ” ಅಂದರು. ನಕ್ಷೆಯಲ್ಲಿ ಅದು ಮೂಡಣಕ್ಕಿತ್ತು. “ಸಹಿ ಹಾಕುವಾಗ ನೋಡಲಿಲ್ಲವೇ?” “ನೋಡಿದೆ ಸ್ವಾಮಿ, ದಿಕ್ಕು ಗಮನಿಸಲಿಲ್ಲ.” ಹಾಳೆಯ ಕೆಳಗೆ ‘ಅಳತೆಗೆ ತಕ್ಕ ನಕ್ಷೆಯಲ್ಲ’ ಎಂದು ಬರೆದಿತ್ತು. ಮರದ ಮಗ್ಗುಲೇ ಬದಲಾಗಿದ್ದಕ್ಕೆ ಆ ಸಾಲು ಸಮಜಾಯಿಷಿ ಆಗಲಿಲ್ಲ. ಸತ್ತವರ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಇವತ್ತು ಅಪರಾಧ ಸ್ಥಳದ ತನಿಖೆಯ ಚಿತ್ರವೇ ಬೇರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ಅದನ್ನು ಹಂತ ಹಂತವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು. ಇದಕ್ಕೆಂದೇ ಬಂದಿರುವ ‘ಇ-ಸಾಕ್ಷ್ಯ’ ಆ್ಯಪ್ ಪ್ರತಿ ವಿಡಿಯೊಗೂ ಸಮಯದ ಜೊತೆಗೆ ಅಕ್ಷಾಂಶ-ರೇಖಾಂಶವನ್ನು ಅಂಟಿಸುತ್ತದೆ. ನಮ್ಮ ರಾಜ್ಯದಲ್ಲಿ ‘ಸೋಕೋ’ ಎಂದು ಕರೆಯುವ ಅಪರಾಧ ಸ್ಥಳಾಧಿಕಾರಿಗಳ ಹುದ್ದೆಗಳೇ ಬಂದಿವೆ. ಡ್ರೋನ್ ಹಾರುತ್ತದೆ, ಲೇಸರ್ ಸ್ಕ್ಯಾನರ್ ಕೋಣೆಯ ಮೂಲೆಮೂಲೆಯನ್ನು ಲಕ್ಷಗಟ್ಟಲೆ ಬಿಂದುಗಳಾಗಿ ಅಳೆದಿಡುತ್ತದೆ. ಹುಣಸೆಮರ ಇನ್ನು ಮುಂದೆ ತಪ್ಪು ಮಗ್ಗುಲಿಗೆ ಹೋಗುವುದಿಲ್ಲ.

ಇದು ದೊಡ್ಡ ಲಾಭ, ಎರಡು ಮಾತಿಲ್ಲ. ಆದರೆ ಕೈನಕ್ಷೆಗೆ ಒಂದು ಗುಣವಿತ್ತು. ಅದು ಕೈಯಿಂದ ಬರೆದದ್ದು, ಅಂದಾಜಿನದು ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಡಿಜಿಟಲ್ ನಕ್ಷೆ ಹಾಗಲ್ಲ. ಉಪಗ್ರಹ ಚಿತ್ರದ ಮೇಲೆ ಇಟ್ಟ ಕೆಂಪು ಚುಕ್ಕಿ ಎಲ್ಲಿಂದ ಬಂದರೂ ಒಂದೇ ಥರ ಕಾಣುತ್ತದೆ. ಅಧಿಕಾರಿ ಕಣ್ಣಾರೆ ಕಂಡು ಇಟ್ಟದ್ದೂ ಅದೇ ಕೆಂಪು, ಯಾರೋ ಬೆರಳು ತೋರಿಸಿದ್ದೂ ಅದೇ ಕೆಂಪು, ಕಂಪ್ಯೂಟರ್ ಲೆಕ್ಕ ಹಾಕಿ ಊಹಿಸಿದ್ದೂ ಅದೇ ಕೆಂಪು. ಕಂಡದ್ದು, ಕೇಳಿದ್ದು, ಲೆಕ್ಕ ಹಾಕಿದ್ದು ಈ ಮೂರೂ ಒಂದೇ ಬಣ್ಣದಲ್ಲಿ ಬೆರೆತುಹೋಗುವುದೇ ಇವತ್ತಿನ ತನಿಖೆಗೆ ಎದುರಾಗಿರುವ ನಿಜವಾದ ಅಪಾಯ ಎಂದು ನನ್ನ ನಂಬಿಕೆ.

ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಗೆರೆಯನ್ನು ನಮ್ಮ ಕಾನೂನು ಬಹಳ ಹಿಂದೆಯೇ ಎಳೆದಿದೆ. ಉತ್ತರ ಪ್ರದೇಶದ ಕೊಲೆ ಪ್ರಕರಣವೊಂದರಲ್ಲಿ, ಕಾನೂನು ವರದಿಗಳಲ್ಲಿ 1962ರಲ್ಲಿ ಅಚ್ಚಾದ ತೋರಿ ಸಿಂಗ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಮುಂದೆ ಸಬ್‌ಇನ್‌ಸ್ಪೆಕ್ಟರ್ ಬರೆದ ಸ್ಥಳ ನಕ್ಷೆಯೇ ಚರ್ಚೆಯ ವಸ್ತುವಾಗಿತ್ತು. ಸತ್ತ ವ್ಯಕ್ತಿಗೆ ಗುಂಡು ತಗುಲಿದ ಜಾಗ ಎಂದು ಅದರಲ್ಲಿ ಒಂದು ಗುರುತಿತ್ತು. ಆ ಜಾಗದಲ್ಲಿದ್ದರೆ ಗಾಯ ಹೀಗೆ ಆಗಲು ಸಾಧ್ಯವಿಲ್ಲ ಎಂಬುದು ಆರೋಪಿಯ ಪರ ವಾದ. ನ್ಯಾಯಾಲಯ ಹೇಳಿದ್ದರ ತಿರುಳು ಇಷ್ಟು: ಗುಂಡು ತಗುಲಿದ್ದನ್ನು ಸಬ್‌ಇನ್‌ಸ್ಪೆಕ್ಟರ್ ನೋಡಿರಲಿಲ್ಲ, ಸಾಕ್ಷಿಗಳು ಹೇಳಿದ್ದನ್ನು ಕೇಳಿ ಆ ಗುರುತು ಹಾಕಿದ್ದಾರೆ, ಹಾಗಾಗಿ ಅದು ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಮ, ಅದನ್ನು ಸಾಕ್ಷ್ಯವಾಗಿ ಒಪ್ಪಲಾಗದು. ಅವರೇ ಕಂಡು ಗುರುತಿಸಿದ್ದರ ಮಾತು ಬೇರೆ.

ಕರ್ನಾಟಕದ ಕೊಲೆ ಪ್ರಕರಣಗಳಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಂದು ಸ್ಕೆಚ್ ತಯಾರಿಸಿ ಕೊಡುವುದು ವಾಡಿಕೆ. ಪಾಟೀಸವಾಲಿನಲ್ಲಿ ಅವರಿಗೆ ಎದುರಾಗುವ ಪ್ರಶ್ನೆಯ ಬೇರೂ ಇದೇ: ಈ ‘ಬಿ’ ಗುರುತನ್ನು ನೀವು ಹಾಕಿದ್ದು ನೋಡಿಯೋ, ತನಿಖಾಧಿಕಾರಿ ತೋರಿಸಿದ್ದಕ್ಕೋ? ಕಾಗದದ ನಕ್ಷೆಗೆ ಅರುವತ್ತು ವರ್ಷದಿಂದ ಕೇಳುತ್ತಿರುವ ಈ ಪ್ರಶ್ನೆಯನ್ನು ಪರದೆಯ ಮೇಲಿನ ನಕ್ಷೆಗೂ ಕೇಳಬೇಕು.

ಕಂಡದ್ದನ್ನೇ ಮೊದಲು ನೋಡೋಣ. ಮೊಬೈಲ್ ಜಿಪಿಎಸ್ ಬಯಲಿನಲ್ಲಿ, ತಲೆಯ ಮೇಲೆ ತೆರೆದ ಆಕಾಶವಿದ್ದರೆ, ಸುಮಾರು ಐದು ಮೀಟರ್ ಒಳಗೆ ಸರಿಯಾಗಿರುತ್ತದೆ. ಮರದಡಿ, ಎತ್ತರದ ಕಟ್ಟಡಗಳ ನಡುವೆ, ಮನೆಯೊಳಗೆ ಅದು ಕೆಡುತ್ತದೆ. ಕೆಲವೊಮ್ಮೆ ಫೋನು ಹೊಸದಾಗಿ ಅಳೆಯದೆ, ಹಿಂದೆ ಎಲ್ಲೋ ಸಿಕ್ಕಿದ್ದ ಜಾಗವನ್ನೇ ಫೋಟೊಗೆ ಅಂಟಿಸುವುದೂ ಉಂಟು. ಆದರೂ ಪರದೆಯ ಮೇಲೆ ದಶಮಾಂಶದ ನಂತರ ಆರು ಅಂಕಿ ಬರುತ್ತವೆ. ಐದನೆಯ ಅಂಕಿ ನೆಲದ ಮೇಲೆ ಸುಮಾರು ಒಂದು ಮೀಟರಿಗೆ ಸಮ, ಆರನೆಯದು ಒಂದು ಗೇಣಿಗೂ ಕಡಿಮೆ. ಐದು ಮೀಟರ್ ಆಚೀಚೆಯ ಉಪಕರಣ ಗೇಣಿನ ಲೆಕ್ಕದಲ್ಲಿ ಮಾತಾಡುತ್ತಿದೆ ಎಂದಾಯಿತು. ಓದುವ ನ್ಯಾಯಾಧೀಶರಿಗೆ, ವಕೀಲರಿಗೆ ಅದು ಗೇಣಿನಷ್ಟೇ ನಿಖರ ಎನಿಸಿದರೆ ತಪ್ಪು ಅವರದಲ್ಲ. ಹಳ್ಳಿ ರಸ್ತೆಯ ಅಗಲವೇ ಮೂರೂವರೆ ಮೀಟರಿನ ಆಸುಪಾಸು. ಲಾರಿ ತನ್ನ ಮಗ್ಗುಲಿನಲ್ಲಿತ್ತೇ ಇಲ್ಲವೇ ಎಂಬುದನ್ನು ಬರಿಯ ಜಿಯೋಟ್ಯಾಗ್ ಹೇಳಲಾರದು. ಅದಕ್ಕೆ ಟೇಪೇ ಬೇಕು, ಇಲ್ಲವೇ ಭೂಮಾಪನ ಇಲಾಖೆಯವರು ಈಗ ಬಳಸುವ ರೋವರ್‌ನಂಥ ಸೆಂಟಿಮೀಟರ್ ಮಟ್ಟದ ಉಪಕರಣ ಬೇಕು.

ಸ್ಕ್ಯಾನರ್‌ನ ಶಕ್ತಿ ಮಾತ್ರ ನಿಜಕ್ಕೂ ಬೆರಗಿನದು. ಕೊಲೆ ನಡೆದ ಕೋಣೆಯನ್ನು ತೊಳೆದು, ಸುಣ್ಣ ಬಳಿದು, ಬಾಡಿಗೆಗೆ ಕೊಟ್ಟ ಮೇಲೂ ಆ ದಿನದ ಕೋಣೆ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ‘ಕಿಟಕಿಯಿಂದ ನೋಡಿದೆ’ ಎಂದು ಸಾಕ್ಷಿ ಹೇಳಿದರೆ, ಅವರ ಕಣ್ಣಿನ ಎತ್ತರದಲ್ಲಿ ಅದೇ ಕಿಟಕಿಯ ಹಿಂದೆ ನಿಂತು, ಬೀರುವಿನ ಅಂಚು ದೃಷ್ಟಿಗೆ ಅಡ್ಡ ಬರುತ್ತಿತ್ತೇ ಎಂದು ಪರೀಕ್ಷಿಸಬಹುದು. ಗುಂಡಿನ ಎರಡು ತೂತುಗಳ ನಡುವೆ ಗೆರೆ ಎಳೆದು ಬಂದೂಕು ಯಾವ ಕಡೆಯಿಂದ ಹಾರಿತು ಎಂದು ಹಿಂದಕ್ಕೆ ಹೋಗಬಹುದು. ಆದರೆ ಆ ಕೋಣೆಯೊಳಗೆ ಆರೋಪಿಯ ಗೊಂಬೆಯನ್ನು ನಿಲ್ಲಿಸಿ, ಕೈಗೆ ಮಚ್ಚು ಕೊಟ್ಟು ಅನಿಮೇಷನ್ ಮಾಡಿದ ಕ್ಷಣದಿಂದ ಅದು ಅಳತೆಯಲ್ಲ, ವಾದ. ಗೋಡೆ ಅಳೆದದ್ದು, ಗೊಂಬೆ ಊಹಿಸಿದ್ದು. ಎರಡನ್ನೂ ಒಂದೇ ಚಿತ್ರದಲ್ಲಿ ಒಂದೇ ನುಣುಪಿನಿಂದ ತೋರಿಸಿದರೆ ಗೋಡೆಯ ನಿಖರತೆಯ ಸಾಲ ಗೊಂಬೆಗೂ ಸಿಕ್ಕಿಬಿಡುತ್ತದೆ.

ಲೆಕ್ಕ ಹಾಕಿದ ಚುಕ್ಕಿಗಳಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ಮೊಬೈಲ್ ಟವರಿನದು. ‘ಟವರ್ ಲೊಕೇಶನ್ ಅಲ್ಲೇ ತೋರಿಸ್ತಿದೆ’ ಎಂಬ ಮಾತು ಠಾಣೆಯಿಂದ ಹಿಡಿದು ಟೀವಿ ಚರ್ಚೆಯವರೆಗೆ ಕೇಳಿಸುತ್ತದೆ. ಸಿಡಿಆರ್‌ನಲ್ಲಿ, ಅಂದರೆ ಮೊಬೈಲ್ ಕಂಪನಿ ಕೊಡುವ ಕರೆ ವಿವರಗಳ ದಾಖಲೆಯಲ್ಲಿ, ಇರುವುದು ಕರೆ ಯಾವ ಟವರಿನ ಯಾವ ಮುಖಕ್ಕೆ ಸೇರಿತ್ತು ಎಂಬುದಷ್ಟೇ. ಸಾಮಾನ್ಯವಾಗಿ ಒಂದು ಟವರಿಗೆ ಮೂರು ಮುಖ. ಒಂದೊಂದೂ ಸುಮಾರು 120 ಡಿಗ್ರಿಯ ಬೀಸಣಿಗೆಯಷ್ಟು ಹರವನ್ನು ನೋಡಿಕೊಳ್ಳುತ್ತದೆ. ಬೆಂಗಳೂರಿನ ಒತ್ತಿನ ಬಡಾವಣೆಯಲ್ಲಿ ಆ ಬೀಸಣಿಗೆ ಕೆಲವು ನೂರು ಮೀಟರ್ ಇದ್ದೀತು, ಮಲೆನಾಡಿನಲ್ಲಿ ಹಲವು ಕಿಲೋಮೀಟರ್. ಹತ್ತಿರದ ಟವರಿಗೇ ಫೋನು ಸೇರುತ್ತದೆ ಎಂಬ ಖಾತ್ರಿಯೂ ಇಲ್ಲ. ಹತ್ತಿರದ್ದು ಗುಡ್ಡದ ಮರೆಗಿದ್ದರೆ ಕಣಿವೆಯಾಚೆಯದನ್ನು ಹಿಡಿಯುತ್ತದೆ, ಹತ್ತಿರದ್ದರಲ್ಲಿ ದಟ್ಟಣೆ ಇದ್ದರೂ ಬೇರೆಯದಕ್ಕೆ ಹೋಗಬಹುದು. ‘ಆ ಹೊತ್ತಿಗೆ ಫೋನು ಮೈಸೂರಿನಲ್ಲಿರಲಿಲ್ಲ, ಹುಣಸೂರಿನ ಕಡೆ ಇತ್ತು’ ಎನ್ನಲು ಇದು ಗಟ್ಟಿ ಸಾಕ್ಷ್ಯ. ‘ಆ ಮನೆಯಲ್ಲೇ ಇತ್ತು’ ಎನ್ನಲು ಅಲ್ಲ. ಫೋನು ಇತ್ತು ಎಂದರೆ ಅದರ ಒಡೆಯ ಅಲ್ಲಿದ್ದ ಎಂದೂ ಅಲ್ಲ.

ಈ ವ್ಯತ್ಯಾಸವನ್ನು ಒಂದು ಇಡೀ ದೇಶ ದುಬಾರಿ ಬೆಲೆ ತೆತ್ತು ಕಲಿತಿದೆ. 2019ರಲ್ಲಿ ಡೆನ್ಮಾರ್ಕಿನ ಪೊಲೀಸರು ಬಳಸುತ್ತಿದ್ದ ವ್ಯವಸ್ಥೆಯಲ್ಲಿ ದೋಷ ಕಂಡಿತು. ಟೆಲಿಕಾಂ ಕಂಪನಿಗಳಿಂದ ಬಂದ ಕಚ್ಚಾ ಮಾಹಿತಿಯನ್ನು ನಕ್ಷೆಗೆ ಏರಿಸಬಹುದಾದ ರೂಪಕ್ಕೆ ಬದಲಾಯಿಸುವಾಗ ಕೆಲವು ವಿವರಗಳು ಬಿದ್ದುಹೋಗುತ್ತಿದ್ದವು. ಹುಡುಕುತ್ತ ಹೋದಂತೆ ಇನ್ನಷ್ಟು ಹೊರಬಂತು. ಒಂದೇ ಫೋನು ದೂರದೂರದ ಟವರುಗಳಿಗೆ ಒಟ್ಟಿಗೆ ಸೇರಿದಂತೆ ದಾಖಲಾಗಿತ್ತು. ಕೆಲವು ಟವರುಗಳ ಜಾಗವೇ ತಪ್ಪಾಗಿತ್ತು. ಅಲ್ಲಿನ ಪ್ರಾಸಿಕ್ಯೂಷನ್ ಮುಖ್ಯಸ್ಥರು ಮೊಬೈಲ್ ಮಾಹಿತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವುದನ್ನೇ ಎರಡು ತಿಂಗಳು ನಿಲ್ಲಿಸಿದರು. 2012ರಿಂದೀಚಿನ ಸುಮಾರು 10,700 ಪ್ರಕರಣಗಳನ್ನು ಮತ್ತೆ ನೋಡಲು ಆದೇಶವಾಯಿತು. ವಿಚಾರಣೆಗಾಗಿ ಬಂಧನದಲ್ಲಿದ್ದ 32 ಮಂದಿ ಬಿಡುಗಡೆಯಾದರು. ಅಷ್ಟು ವರ್ಷ ಆ ನಕ್ಷೆಗಳನ್ನು ನೋಡಿದವರಲ್ಲಿ ಯಾರಿಗೂ ಅವು ಅರೆಬರೆ ಎನಿಸಿರಲಿಲ್ಲ, ಏಕೆಂದರೆ ಬಿಟ್ಟುಹೋದ ಚುಕ್ಕಿ ನಕ್ಷೆಯ ಮೇಲೆ ಯಾವ ಗುರುತನ್ನೂ ಉಳಿಸಿಹೋಗುವುದಿಲ್ಲ.

ನಮ್ಮಲ್ಲಿ ಇಂಥ ಮರುಪರಿಶೀಲನೆಗೆ ದಾರಿ ಇದೆಯೇ? ಅರ್ಧ ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಹೀಗಾಗಿ ಕಡತವನ್ನು ಆಮೇಲೆ ತಿದ್ದಿಲ್ಲ ಎಂಬುದು ಸಾಬೀತಾಗುತ್ತದೆ. ಮೊದಲೇ ತಪ್ಪು ಜಾಗ ದಾಖಲಾಗಿದ್ದರೆ? ಆ ತಪ್ಪೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಚುಕ್ಕಿ ಹೇಗೆ ಬಂತು, ಎಷ್ಟು ಮೀಟರ್ ಆಚೀಚೆ, ಯಾವ ಸಾಫ್ಟ್‌ವೇರ್ ಅದನ್ನು ಲೆಕ್ಕ ಹಾಕಿತು ಎಂಬುದನ್ನು ಆ ಪ್ರಮಾಣಪತ್ರ ಹೇಳುವುದಿಲ್ಲ.

2025ರ ಮಳೆಗಾಲದಲ್ಲಿ ಕರ್ನಾಟಕದ ಮನೆಮನೆಯಲ್ಲೂ ಜಿಪಿಆರ್, ಅಂದರೆ ನೆಲದೊಳಗನ್ನು ಶೋಧಿಸುವ ರೇಡಾರ್, ಎಂಬ ಪದ ಕೇಳಿಸಿತು. ಧರ್ಮಸ್ಥಳದಲ್ಲಿ ಹೆಣಗಳನ್ನು ಹೂಳಲಾಗಿದೆ ಎಂಬ ದೂರಿನ ತನಿಖೆಗೆ ಸರ್ಕಾರ ಎಸ್‌ಐಟಿ ರಚಿಸಿತು. ದೂರುದಾರ ತೋರಿಸಿದ ಜಾಗಗಳಿಗೆ ಸಂಖ್ಯೆ ಕೊಟ್ಟು ಅಗೆತ ಶುರುವಾಯಿತು. ಆರನೆಯ ಜಾಗದಲ್ಲಿ ಅಸ್ಥಿಯ ಭಾಗಗಳು ಸಿಕ್ಕವು. ಹದಿಮೂರನೆಯ ಜಾಗದಲ್ಲಿ ಡ್ರೋನ್‌ಗೆ ಕಟ್ಟಿದ ಜಿಪಿಆರ್ ಹಾರಿತು. ಆಗಸ್ಟ್ ಮುಗಿಯುವ ಮುನ್ನ ಸುಳ್ಳು ಸಾಕ್ಷ್ಯದ ಆರೋಪದಲ್ಲಿ ದೂರುದಾರನೇ ಬಂಧನಕ್ಕೊಳಗಾದ. ಪ್ರಕರಣದ ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ಅದಕ್ಕೆ ನಾನು ಕೈಹಾಕುವುದಿಲ್ಲ. ನಾನು ಹೇಳಬೇಕಾದದ್ದು ಆ ದಿನಗಳಲ್ಲಿ ಪರದೆಯ ಮೇಲೆ ಕಂಡ ನಕ್ಷೆಯ ಬಗ್ಗೆ. ನೇತ್ರಾವತಿಯ ದಡದ ಉಪಗ್ರಹ ಚಿತ್ರದ ಮೇಲೆ ಸಾಲಾಗಿ ಚುಕ್ಕಿಗಳು. ಒಬ್ಬ ವ್ಯಕ್ತಿ ಬೆರಳು ತೋರಿಸಿದ ಜಾಗ, ಯಂತ್ರ ಸಂಕೇತ ಕೊಟ್ಟೀತು ಎಂದು ಕಾದ ಜಾಗ, ಅಗೆದಾಗ ಮೂಳೆ ಸಿಕ್ಕ ಜಾಗ, ಎಲ್ಲಕ್ಕೂ ಒಂದೇ ಆಕಾರ, ಒಂದೇ ಬಣ್ಣ. ನೋಡಿದವರಿಗೆ ಎಲ್ಲವೂ ಸಮಾಧಿಯಾಗಿಯೇ ಕಂಡವು. ಹಲವು ಕಡೆ ಏನೂ ಸಿಗದಿದ್ದಾಗ ಅದೇ ಜನರಿಗೆ ಎಲ್ಲವೂ ಕಟ್ಟುಕಥೆಯಾಗಿ ಕಂಡವು. ಎರಡೂ ತೀರ್ಮಾನಗಳಿಗೆ ಬುನಾದಿ ಆ ನಕ್ಷೆಯೇ.

ಜಿಪಿಆರ್ ಮೂಳೆಯ ಫೋಟೊ ತೆಗೆಯುವ ಯಂತ್ರವಲ್ಲ. ಅದು ನೆಲಕ್ಕೆ ರೇಡಿಯೊ ತರಂಗ ಬಿಡುತ್ತದೆ; ಮಣ್ಣಿನ ಗುಣ ಬದಲಾದಲ್ಲಿ ತರಂಗ ಮರಳಿ ಬರುತ್ತದೆ. ಒಮ್ಮೆ ಅಗೆದು ಮುಚ್ಚಿದ ಗುಂಡಿ, ಬೇರು, ಬಂಡೆ, ಹೆಗ್ಗಣದ ಬಿಲ, ಹಳೆಯ ಪೈಪು ಎಲ್ಲವೂ ಏರಿಳಿತದ ಗೆರೆಗಳಾಗಿಯೇ ಕಾಣುತ್ತವೆ. ಒಣ ಮರಳಿನಲ್ಲಿ ಅದರ ದೃಷ್ಟಿ ಚುರುಕು. ಜೇಡಿಮಣ್ಣು ಮತ್ತು ನೀರು ತುಂಬಿದ ನೆಲ ತರಂಗವನ್ನು ಹೀರಿಕೊಳ್ಳುತ್ತವೆ. ಹೊಳೆಯ ದಡ, ಆಗಸ್ಟ್ ತಿಂಗಳು, ಬೆಳ್ತಂಗಡಿ ಸೀಮೆಯ ಮಳೆ. ಅದಕ್ಕಿಂತ ಕಷ್ಟದ ಪರೀಕ್ಷೆ ಆ ಯಂತ್ರಕ್ಕೆ ಇನ್ನೊಂದಿಲ್ಲ. ಇಂಥ ಕಡೆ ಜಿಪಿಆರ್ ‘ಇಲ್ಲಿ ಅಗೆದು ನೋಡಿ’ ಎಂದರೆ ಅದು ಸುಳಿವು. ಏನೂ ಹೇಳದಿದ್ದರೆ ಅದು ಏನೂ ಇಲ್ಲ ಎಂಬುದಕ್ಕೆ ಪುರಾವೆಯಲ್ಲ.

ನೆಲದಡಿಯ ಸತ್ಯವನ್ನು ನಕ್ಷೆ ಹೇಗೆ ಹೊರತೆಗೆಯಬಲ್ಲದು ಎಂಬುದಕ್ಕೆ ಬೋಸ್ನಿಯಾದ ಸ್ರೆಬ್ರೆನಿತ್ಸಾ ದೊಡ್ಡ ಉದಾಹರಣೆ. 1995ರ ಜುಲೈನಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರ ಹತ್ಯೆಯಾಯಿತು. ಆಗಸ್ಟ್‌ನಲ್ಲಿ ಅಮೆರಿಕ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೈಮಾನಿಕ ಚಿತ್ರಗಳನ್ನು ತೋರಿಸಿತು. ಕೊಂದವರು ಆ ಶರತ್ಕಾಲದಲ್ಲಿ ಸಮಾಧಿಗಳನ್ನು ಜೆಸಿಬಿಯಂಥ ಯಂತ್ರಗಳಿಂದ ಬಗೆದು ದೂರದ ಹಳ್ಳಿಗಳಲ್ಲಿ ಮತ್ತೆ ಹೂತರು. ತನಿಖೆಗಾರರು ದಿನಾಂಕವಾರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಹಿಂದಿನ ವಾರ ಹುಲ್ಲಿದ್ದಲ್ಲಿ ಈ ವಾರ ಹಸಿಮಣ್ಣು ಎಂದು ಗುರುತಿಸುತ್ತ ಹೋದರು. ಅಷ್ಟಕ್ಕೇ ನಿಲ್ಲಲಿಲ್ಲ. ಮೊದಲ ಗುಂಡಿ ಮತ್ತು ಎರಡನೆಯ ಗುಂಡಿಯ ಮಣ್ಣು, ಪರಾಗ, ಕೈಕಟ್ಟಿದ ಹಗ್ಗ, ಕಣ್ಣುಪಟ್ಟಿಯ ಬಟ್ಟೆಗಳನ್ನು ತಾಳೆ ನೋಡಿದರು. ಕೊಜ್ಲುಕ್ ಎಂಬಲ್ಲಿ ಬಾಟಲಿ ಕಾರ್ಖಾನೆಯ ಒಡೆದ ಗಾಜು ಸುರಿದ ಜಾಗದಲ್ಲಿ ಮೊದಲ ಸಮಾಧಿಯಿತ್ತು. ಅದೇ ಗಾಜಿನ ಚೂರುಗಳು ಎಷ್ಟೋ ದೂರದ ಎರಡನೆಯ ಸಮಾಧಿಯಲ್ಲಿ ಹೆಣಗಳ ಜೊತೆ ಸಿಕ್ಕವು. ನಕ್ಷೆಯಲ್ಲಿ ಎರಡು ಜಾಗಗಳ ನಡುವೆ ಎಳೆದ ಗೆರೆಗೆ ಆ ಗಾಜಿನ ಚೂರು ಹೊಣೆ ನಿಂತಿತು. ಒಬ್ಬರೇ ವ್ಯಕ್ತಿಯ ಎಲುಬುಗಳು ಬೇರೆಬೇರೆ ಗುಂಡಿಗಳಲ್ಲಿ ಸಿಕ್ಕು, ಡಿಎನ್‌ಎ ಅವನ್ನು ಒಟ್ಟುಗೂಡಿಸಿತು. ಹೀಗೆ ಸುಮಾರು 7,000 ಮಂದಿಗೆ ಅವರ ಹೆಸರು ಮರಳಿ ಸಿಕ್ಕಿದೆ.

ನಮ್ಮಲ್ಲೂ ಅಂಥ ಶಿಸ್ತಿನ ನಿದರ್ಶನವಿದೆ, ಅದು ಕೊಲೆಯದಲ್ಲ, ಮಣ್ಣಿನದು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಒಂದು ಜಂಟಿ ತಂಡ ರಚಿಸಿತು. ಯಾವ ಗುತ್ತಿಗೆದಾರ ತನ್ನ ಗಡಿ ದಾಟಿ ಎಷ್ಟು ಅಗೆದಿದ್ದಾನೆ ಎಂದು ನೆಲದ ಮೇಲೆ ಅಳೆದು ಹೇಳುವುದು ಅದರ ಕೆಲಸ. ಹೇಳಿದಷ್ಟು ಸುಲಭವಲ್ಲ ಅದು. ಹಳೆಯ ನಕ್ಷೆಗಳು ಹಳ್ಳ, ಗುಡ್ಡದ ನೆತ್ತಿ, ಗಡಿಕಲ್ಲುಗಳ ಆಧಾರದ ಮೇಲೆ ನಿಂತವು. ಗಣಿಗಾರಿಕೆ ಗುಡ್ಡವನ್ನೇ ನುಂಗಿತ್ತು, ಆಂಧ್ರದ ಗಡಿಯಲ್ಲಿ ಕಲ್ಲುಗಳೂ ಉಳಿದಿರಲಿಲ್ಲ. ಹಳೆಯ ಟೋಪೋ ನಕ್ಷೆಯ ಲೆಕ್ಕ ಮತ್ತು ಜಿಪಿಎಸ್‌ನ ಲೆಕ್ಕ ಭೂಮಿಯ ಬೇರೆಬೇರೆ ಮಾದರಿಗಳ ಮೇಲೆ ನಿಂತಿವೆ. ಪರಿವರ್ತಿಸದೆ ಒಂದರ ಮೇಲೊಂದು ಹಾಸಿದರೆ ಗೆರೆ ನೂರಾರು ಅಡಿ ಸರಿಯುತ್ತದೆ. ಅದಿರಿನ ನೆಲದಲ್ಲಿ ನೂರು ಅಡಿ ಎಂದರೆ ಕೋಟಿಗಳ ಮಾತು.

ತಂಡದ ಅಳತೆಯ ಮೇಲೆ 166 ಗುತ್ತಿಗೆಗಳು ಮೂರು ವರ್ಗಗಳಾದವು. ಗಡಿಯಾಚೆಯ ಗಣಿಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ರವರೆಗೆ, ಮಣ್ಣಿನ ರಾಶಿ ಶೇ 15ರವರೆಗೆ ಇದ್ದರೆ ‘ಬಿ’. ಅದನ್ನು ಮೀರಿದರೆ ‘ಸಿ’. ಅಕ್ರಮ ಇಲ್ಲದ ಅಥವಾ ತೀರ ಅಲ್ಪವಿದ್ದವು ‘ಎ’. ಗುತ್ತಿಗೆದಾರರು ಅಳತೆಯ ವಿಧಾನವನ್ನೇ ಪ್ರಶ್ನಿಸಿದರು. ವಾದ ಕೇಳಿದ ನ್ಯಾಯಾಲಯ 2013ರ ಏಪ್ರಿಲ್ 18ರಂದು ಸಮೀಕ್ಷೆಯನ್ನು ಒಪ್ಪಿ, ‘ಸಿ’ ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಿತು. ಇದರಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು ವಿವರ. ಎರಡು ರಾಜ್ಯಗಳ ಗಡಿಯ ಮೇಲೆ ಬೀಳುವ, ಗಡಿಯೇ ತೀರ್ಮಾನವಾಗದ ಕೆಲವು ಗುತ್ತಿಗೆಗಳಿದ್ದವು. ಅವುಗಳ ಸ್ಕೆಚ್ ಅಂತಿಮವಾಗಿಲ್ಲ ಎಂದೇ ದಾಖಲಿಸಿ ‘ಬಿ’ಯಲ್ಲಿ ಬೇರೆಯಾಗಿ ಇಟ್ಟರು. ಗೊತ್ತಿಲ್ಲದ ಕಡೆ ಗೆರೆ ಎಳೆಯಲಿಲ್ಲ. ಗೊತ್ತಿಲ್ಲ ಎಂದು ಬರೆದಿಡುವ ಧೈರ್ಯವಿದ್ದ ನಕ್ಷೆಯಾದ್ದರಿಂದಲೇ ಅದರ ಉಳಿದ ಗೆರೆಗಳನ್ನೂ ನಂಬಬಹುದು.

ಚುಕ್ಕಿ ಯಾರು ಇಟ್ಟರು ಎಂಬ ಪ್ರಶ್ನೆ ಆರೋಪಿಯ ಸ್ವಾತಂತ್ರ್ಯಕ್ಕೂ ಬಂದು ತಟ್ಟುತ್ತದೆ. ಫ್ರ್ಯಾಂಕ್ ವಿಟಸ್ ಎಂಬ ಆರೋಪಿಯ ಜಾಮೀನು ಪ್ರಕರಣದಲ್ಲಿ, ಜಾಮೀನು ಪಡೆದವರು ಗೂಗಲ್ ಮ್ಯಾಪ್‌ನಲ್ಲಿ ತಮ್ಮ ಪಿನ್ ಹಾಕಿ ತನಿಖಾಧಿಕಾರಿಗೆ ಕಾಣುವಂತೆ ಇಡಬೇಕೆಂಬ ಷರತ್ತಿತ್ತು. ಆ ಪಿನ್‌ನಿಂದ ವ್ಯಕ್ತಿಯ ಚಲನವಲನವನ್ನು ಹಿಂಬಾಲಿಸಲಾಗದು ಎಂದು ಗೂಗಲ್ ಸಂಸ್ಥೆಯೇ ನ್ಯಾಯಾಲಯಕ್ಕೆ ತಿಳಿಸಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಪೊಲೀಸರು ಆರೋಪಿಯ ಖಾಸಗಿ ಬದುಕಿನೊಳಗೆ ಸದಾ ಇಣುಕುವಂಥ ಷರತ್ತು ಸಲ್ಲದು ಎಂದಿತು.

ನನ್ನ ಬೇಡಿಕೆ ದೊಡ್ಡದೇನಲ್ಲ. ನ್ಯಾಯಾಲಯದ ಮುಂದೆ ಬರುವ ಪ್ರತಿ ಡಿಜಿಟಲ್ ನಕ್ಷೆಯಲ್ಲೂ ಕಂಡದ್ದು, ಕೇಳಿದ್ದು, ಲೆಕ್ಕ ಹಾಕಿದ್ದು ಬೇರೆಬೇರೆ ಗುರುತಿನಲ್ಲಿರಲಿ. ಲೆಕ್ಕದ್ದಾದರೆ ಚುಕ್ಕಿ ಬೇಡ, ಎಷ್ಟು ಆಚೀಚೆ ಆಗಬಹುದೋ ಅಷ್ಟು ದೊಡ್ಡ ವೃತ್ತವನ್ನೇ ಬರೆಯಲಿ. ಕಚ್ಚಾ ಮಾಹಿತಿಯ ಪ್ರತಿ ಆರೋಪಿಯ ವಕೀಲರಿಗೂ ಸಿಗಲಿ, ಅವರ ಕಡೆಯ ತಜ್ಞರು ಅದೇ ನಕ್ಷೆಯನ್ನು ಮತ್ತೊಮ್ಮೆ ಕಟ್ಟಿ ನೋಡುವಂತಾಗಲಿ. ಮಹಜರಿಗೆ ಸಹಿ ಹಾಕುವ ಪಂಚರಿಗೆ, ನಮ್ಮ ದೊಡ್ಡಪ್ಪನಂಥವರಿಗೆ, ಪರದೆಯನ್ನು ತಿರುಗಿಸಿ ‘ಇದು ಮರ, ಇದು ರಸ್ತೆ, ಇದು ಉತ್ತರ, ಸರಿಯಿದೆಯೇ ಯಜಮಾನರೇ’ ಎಂದು ಕೇಳುವ ಎರಡು ನಿಮಿಷದ ಪುರಸೊತ್ತನ್ನು ಅಧಿಕಾರಿಗಳು ಮಾಡಿಕೊಳ್ಳಲಿ.

ಈಚೆಗೆ ಊರಿಗೆ ಹೋದಾಗ ಆ ತಿರುವಿನಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ತೆರೆದೆ. ನಿಂತ ನೆಲದ ಸರ್ವೆ ನಂಬರ್ ತೋರಿಸುವ ನಮ್ಮ ಸರ್ಕಾರದ್ದೇ ಆ್ಯಪ್ ಅದು. ಹುಣಸೆಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತಿದ್ದರೂ ಮೊದಲು ಅದು ನನ್ನನ್ನು ರಸ್ತೆಯಾಚೆಯ ಹೊಲದೊಳಗೆ ಇಟ್ಟಿತು. ಕೊಂಬೆಗಳ ನೆರಳಿನಿಂದ ಹೊರಬಂದು, ರಸ್ತೆಯ ನಡುವೆ ಒಂದು ನಿಮಿಷ ಕಾದ ಮೇಲೆ ಚುಕ್ಕಿ ಸರಿಯುತ್ತ ಸರಿಯುತ್ತ ಪಡುವಣದ ಮಗ್ಗುಲಿಗೆ ಬಂತು.